ಮೀಟರಿನ ಮುಖ ಯಾರ ಕಡೆಗೆ?

ಸಂತೆಯ ತಕ್ಕಡಿಗೆ ಎರಡು ತಟ್ಟೆಗಳಿರುತ್ತವೆ. ಅದರ ಮುಳ್ಳು ಮಾರುವವನಿಗೆ ಎಷ್ಟು ಕಾಣುತ್ತದೆಯೋ ಕೊಳ್ಳುವವನಿಗೂ ಅಷ್ಟೇ ಕಾಣುತ್ತದೆ. ಅಳತೆ ನ್ಯಾಯವಾಗಿರಬೇಕಾದರೆ ಇಬ್ಬರ ಕಣ್ಣೂ ಒಂದೇ ಮುಳ್ಳಿನ ಮೇಲಿರಬೇಕು ಎಂಬ ತಿಳಿವಳಿಕೆ ಬಹಳ ಹಳೆಯದು. ಮುಸ್ಲಿಂ ಆಳ್ವಿಕೆಯ ಪಟ್ಟಣಗಳಲ್ಲಿ ಬಜಾರಿನ ತೂಕ, ಅಳತೆಗಳನ್ನು ಪರೀಕ್ಷಿಸಲಿಕ್ಕೆಂದೇ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಅಳತೆಯಲ್ಲಿ ಕಡಿಮೆ ಕೊಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ ಎಂಬುದು ಬಲ್ಲವರಿಗೆ ಗೊತ್ತು. ನಮ್ಮ ದೇಶದಲ್ಲಿ ಊರಿಗೊಂದು ಸೇರು, ಪೇಟೆಗೊಂದು ಮಣ ಎಂದಿದ್ದ ಗೊಂದಲ ತೀರಿಸಲು 1956ರಲ್ಲಿ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋಗ್ರಾಂ ಕಾಲಿಟ್ಟಿತು. ಮುಧೋಳದ ಪೇಟೆಯಲ್ಲಿ ಇಂದಿಗೂ ‘ಪಾವ ಕೆಜಿ’ ಎಂದು ಕೇಳುವ ಗಿರಾಕಿಯ ನಾಲಗೆಯಲ್ಲಿ ಹಳೆಯ ಅಳತೆಯೂ ಹೊಸ ಅಳತೆಯೂ ಒಟ್ಟಿಗೆ ಕೂತಿವೆ.

ವಿದ್ಯುತ್ತನ್ನು ಮಾತ್ರ ತಕ್ಕಡಿಯಲ್ಲಿ ಇಡಲಾಗುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ, ಸೇರಿನಲ್ಲಿ ತುಂಬುವುದಿಲ್ಲ. ಹೀಗಾಗಿ ಮಾರುವವನೇ ಒಂದು ಪೆಟ್ಟಿಗೆ ತಂದು ನಮ್ಮ ಗೋಡೆಗೆ ಹೊಡೆದು, ಅದು ತೋರಿಸಿದ್ದೇ ಲೆಕ್ಕ ಎಂದ. ಈಗ ಆ ಪೆಟ್ಟಿಗೆಯ ಹೊಸ ಅವತಾರ ಬಂದಿದೆ. ಅದರ ಹೆಸರು ಸ್ಮಾರ್ಟ್ ಮೀಟರ್. ಇದರಿಂದ ಮನೆಯ ಖರ್ಚು ಉಳಿಯುತ್ತದೆ ಎಂದು ಸರ್ಕಾರಗಳೂ ಕಂಪನಿಗಳೂ ಹೇಳುತ್ತಿವೆ. ಸ್ಮಾರ್ಟ್ ಎಂದರೆ ಜಾಣ. ಈ ಜಾಣತನ ಯಾರ ಪಾಲಿನದು, ಮನೆಯದೋ ಕಂಪನಿಯದೋ? ಮುಧೋಳದ ಒಂದು ಸಾಧಾರಣ ಮನೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆ ಕೇಳಬೇಕಾಗಿದೆ. ಅದಕ್ಕೆ ಉತ್ತರ ಹುಡುಕಲು ಮೀಟರಿನ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು.

ಗಿರಾಕಿ ಓದಲಾಗದ ಮೊದಲ ಮೀಟರ್

ವಿದ್ಯುತ್ ದೀಪಗಳು ಮೊದಲು ಬಂದಾಗ ಎಷ್ಟೋ ಕಡೆ ಮೀಟರೇ ಇರಲಿಲ್ಲ. ಮನೆಯಲ್ಲಿ ಎಷ್ಟು ದೀಪಗಳಿವೆಯೋ ಅಷ್ಟಕ್ಕೆ ತಿಂಗಳಿಗೆ ಇಂತಿಷ್ಟು ಎಂಬ ಗುತ್ತಿಗೆ ನಡೆಯುತ್ತಿತ್ತು. ಥಾಮಸ್ ಎಡಿಸನ್ 1882ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ತನ್ನ ವಿದ್ಯುತ್ ಕೇಂದ್ರವನ್ನು ಆರಂಭಿಸಿದ. ಅವನಿಗೆ ದೀಪದ ಎಣಿಕೆ ಸಾಲದೆ ಬಳಕೆಯ ಅಳತೆಯೇ ಬೇಕಾಯಿತು. ಅವನು ಮಾಡಿದ ಮೀಟರ್ ಒಂದು ಗಾಜಿನ ಜಾಡಿ. ಅದರ ದ್ರಾವಣದಲ್ಲಿ ಎರಡು ಸತುವಿನ ಫಲಕಗಳನ್ನು ಮುಳುಗಿಸಿಡುತ್ತಿದ್ದರು. ವಿದ್ಯುತ್ ಹರಿದಂತೆ ಒಂದು ಫಲಕದ ಸತು ಕರಗಿ ಇನ್ನೊಂದಕ್ಕೆ ಅಂಟುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯ ಆಳು ಬಂದು ಫಲಕಗಳನ್ನು ಒಯ್ದು ತೂಗುತ್ತಿದ್ದ. ತೂಕದಲ್ಲಾದ ವ್ಯತ್ಯಾಸವೇ ಬಿಲ್ಲು. ಚಳಿಗಾಲದಲ್ಲಿ ದ್ರಾವಣ ಹೆಪ್ಪುಗಟ್ಟದಿರಲಿ ಎಂದು ಪೆಟ್ಟಿಗೆಯೊಳಗೆ ಒಂದು ದೀಪವನ್ನೂ ಉರಿಸುತ್ತಿದ್ದರು!

ಈ ಕಥೆಯಲ್ಲಿ ನಗುವಿಗಿಂತ ಮುಖ್ಯವಾದದ್ದು ಒಂದಿದೆ. ಮನೆಯವರಿಗೆ ಆ ಮೀಟರನ್ನು ಓದಲು ಬರುವಂತಿರಲಿಲ್ಲ. ತೂಕ ಕಂಪನಿಯದು, ಲೆಕ್ಕ ಕಂಪನಿಯದು, ಹಣ ಮಾತ್ರ ಗಿರಾಕಿಯದು. ತಕ್ಕಡಿಯ ಮುಳ್ಳು ಒಬ್ಬನ ಕಡೆಗೇ ತಿರುಗಿತ್ತು.

ಇದು ಬದಲಾದದ್ದು 1880ರ ದಶಕದ ಕೊನೆಗೆ. ಅಮೆರಿಕದಲ್ಲಿ ಶಾಲೆನ್‌ಬರ್ಗರ್ 1888ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನ ಗಾಂಜ್ ಕಾರ್ಖಾನೆಯ ಬ್ಲಾಥಿ 1889ರಲ್ಲಿ ತಿರುಗುವ ಭಾಗಗಳಿದ್ದ ಮೀಟರ್‌ಗಳನ್ನು ತಯಾರಿಸಿದರು. ನಮ್ಮ ಮನೆಗಳ ಪಡಸಾಲೆಯಲ್ಲಿ ಬಹುಕಾಲ ತಿರುಗುತ್ತಿದ್ದ ಅಲ್ಯುಮಿನಿಯಂ ತಟ್ಟೆಯ ಮೂಲ ಅಲ್ಲಿದೆ. ನಾವು ದಿನಾ ಆಡುವ ‘ಯೂನಿಟ್’ ಎಂಬ ಮಾತು ಬ್ರಿಟನ್ನಿನ ‘ಬೋರ್ಡ್ ಆಫ್ ಟ್ರೇಡ್ ಯೂನಿಟ್’ ಎಂಬುದರ ಬಾಲ. ಸಾವಿರ ವಾಟ್‌ನ ಸಾಧನ ಒಂದು ತಾಸು ಓಡಿದರೆ ಒಂದು ಯೂನಿಟ್. ಹೊಸ ಮೀಟರಿನ ಅಂಕಿಗಳನ್ನು ಯಾರಾದರೂ ಓದಬಹುದಿತ್ತು. ಮುಳ್ಳು ಮೊದಲ ಬಾರಿಗೆ ಮನೆಯವರ ಕಡೆಗೂ ತಿರುಗಿತು.

ಬ್ರಿಟನ್ನಿನ ಬಡ ಕಾರ್ಮಿಕರ ಮನೆಗಳಿಗೆ ಅದೇ ದಶಕದಲ್ಲಿ ಇನ್ನೊಂದು ಬಗೆಯ ಮೀಟರ್ ಬಂತು. ಅದು ಗ್ಯಾಸಿನದು. ಸೀಳಿನಲ್ಲಿ ಒಂದು ಪೆನ್ನಿ ನಾಣ್ಯ ಹಾಕಿದರೆ ಅಷ್ಟಕ್ಕೆ ತಕ್ಕ ಗ್ಯಾಸು ಬರುವುದು, ತೀರಿದಾಗ ಒಲೆ ಆರುವುದು. ಸಾಲದ ಬಿಲ್ಲು ಸಿಗದಿದ್ದ ಬಡವರ ಮನೆಗೂ ಇದರಿಂದ ಬೆಳಕು ಬಂತು ಎಂಬುದು ನಿಜ. ಆದರೆ ತಿಂಗಳ ಕೊನೆಗೆ ಬಿಲ್ಲು ಕಟ್ಟುವ ಉಳ್ಳವರಿಗಿಂತ ನಾಣ್ಯ ಹಾಕುವ ಬಡವರು ಅಷ್ಟೇ ಗ್ಯಾಸಿಗೆ ಹೆಚ್ಚು ಬೆಲೆ ತೆರುತ್ತಿದ್ದರು ಎಂಬುದೂ ಅಷ್ಟೇ ನಿಜ. ಇಂದಿನ ಪ್ರೀಪೇಯ್ಡ್ ಮೀಟರಿನ ಅಜ್ಜ ಅವನೇ.

ಅಶ್ವಶಕ್ತಿಯ ಲೆಕ್ಕ, ಬಲ್ಬಿನ ಲೆಕ್ಕ

ಕರ್ನಾಟಕದಲ್ಲಿ ವಿದ್ಯುತ್ತಿನ ಮೊದಲ ದೊಡ್ಡ ಗಿರಾಕಿ ಯಾವ ಮನೆಯೂ ಅಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಅಲ್ಲಿಯ ಒಪ್ಪಂದದ ಲೆಕ್ಕವೂ ಯೂನಿಟ್ಟಿನದಲ್ಲ, ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಂತಿಷ್ಟು ಎಂಬುದು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು 1905ರ ಆಗಸ್ಟ್‌ನಲ್ಲಿ. ನಮ್ಮ ಘಟಪ್ರಭೆಯ ನೀರಿಗೂ ಈ ಇತಿಹಾಸದಲ್ಲಿ ಪಾಲಿದೆ. ಮುಧೋಳಕ್ಕೆ ಬರುವ ಮೊದಲು ಆ ಹೊಳೆ ಗೋಕಾಕದಲ್ಲಿ ಧುಮುಕುವ ಜಾಗದಲ್ಲಿ ನೀರಿನ ಬಲದಿಂದಲೇ ಓಡುವ ನೂಲಿನ ಗಿರಣಿ 1887ರಲ್ಲಿ ಆರಂಭವಾಗಿತ್ತು.

ಮುಧೋಳ ಆಗ ಘೋರ್ಪಡೆ ಮನೆತನದ ಸಂಸ್ಥಾನ. 1948ರ ಮಾರ್ಚ್‌ನಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರಲ್ಲಿ, ವಿದ್ಯುತ್ ಮಂಡಳಿ ಹುಟ್ಟಿತು. ನಮ್ಮ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ‘ಕೆಇಬಿ’ ಅದೇ. ಹಳ್ಳಿಹಳ್ಳಿಗೆ ಕಂಬಗಳು ನಡೆದುಬಂದದ್ದು ಅದರ ಕಾಲದಲ್ಲಿ, ಮುಖ್ಯವಾಗಿ 1960ರ ದಶಕದಲ್ಲಿ ಶರಾವತಿಯ ವಿದ್ಯುತ್ ಬಂದ ಮೇಲೆ.

ಆ ಕಂಬಗಳ ಹಿಂದೆಯೇ ಮೀಟರ್ ಇಲ್ಲದ ಎರಡು ಬಗೆಯ ಗಿರಾಕಿಗಳು ಬಂದರು. ಒಬ್ಬರು ಕಡುಬಡವರು. 1980ರ ಆಸುಪಾಸಿನಲ್ಲಿ ಆರಂಭವಾದ ಭಾಗ್ಯಜ್ಯೋತಿ ಯೋಜನೆಯಲ್ಲಿ ಗುಡಿಸಲಿಗೆ ಒಂದು ಬಲ್ಬು ಸಿಕ್ಕಿತು. ಒಂದು ಬಲ್ಬಿಗೆ ಮೀಟರ್ ಯಾಕೆ ಎಂಬುದು ಆಗಿನ ಯೋಚನೆ. ಮುಂದೆ ಆ ಮನೆಗಳಿಗೆ ತಿಂಗಳಿಗೆ 18 ಯೂನಿಟ್, ಆಮೇಲೆ 40 ಯೂನಿಟ್ ಉಚಿತ ಎಂದಾಯಿತು. ಇನ್ನೊಬ್ಬರು ಪಂಪ್‌ಸೆಟ್ಟಿನ ರೈತರು. ಅವರ ಲೆಕ್ಕ ಕೋಲಾರದ ಗಣಿಗಳಂತೆ ಅಶ್ವಶಕ್ತಿಯ ಲೆಕ್ಕವಾಯಿತು. 2008ರ ಆಗಸ್ಟ್‌ನಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಪೂರ್ತಿ ಉಚಿತವಾಯಿತು.

ಮುಧೋಳ, ಜಮಖಂಡಿ, ಬೀಳಗಿ ಎಂದರೆ ಕಬ್ಬಿನ ಸೀಮೆ. ಕೃಷ್ಣೆ, ಘಟಪ್ರಭೆಗಳ ದಂಡೆಯುದ್ದಕ್ಕೂ ಪಂಪ್‌ಸೆಟ್ಟುಗಳು ನೀರೆತ್ತುತ್ತವೆ. 2002ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಹುಟ್ಟಿದ ಹೆಸ್ಕಾಂ ಮಾರುವ ವಿದ್ಯುತ್ತಿನಲ್ಲಿ ಸುಮಾರು ಅರ್ಧದಷ್ಟು ಹೋಗುವುದು ಪಂಪ್‌ಸೆಟ್ಟುಗಳಿಗೆ. ಅದರಲ್ಲಿ ಬಹುಪಾಲಿಗೆ ಮನೆಯಲ್ಲಿರುವಂಥ ಮೀಟರ್ ಇಲ್ಲ. ಫೀಡರ್, ಟ್ರಾನ್ಸ್‌ಫಾರ್ಮರುಗಳ ಮಟ್ಟದ ಅಳತೆಯಿಂದ ಅಂದಾಜು ಕಟ್ಟಿ ಸರ್ಕಾರದಿಂದ ಸಬ್ಸಿಡಿ ಪಡೆಯುತ್ತಾರೆ. 2003ರ ವಿದ್ಯುತ್ ಕಾಯ್ದೆಯ 55ನೇ ಕಲಮು ಎರಡು ವರ್ಷಗಳೊಳಗೆ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಕೊಡಬಾರದೆಂದು ಹೇಳಿತ್ತು. ಅದಾಗಿ ಎರಡು ದಶಕ ಕಳೆದಿವೆ. ರೈತನನ್ನು ದೂರಲು ಈ ಮಾತನ್ನು ಹೇಳುತ್ತಿಲ್ಲ. ಸರಿಯಾಗಿ ಅಳೆಯದೆ ಉಳಿದ ಅರ್ಧವನ್ನು ಬಿಟ್ಟು, ಮೊದಲೇ ಅಳತೆಯಾಗಿರುವ ಮನೆಯ ಗೋಡೆಯ ಮೇಲೆ ಇನ್ನೂ ದುಬಾರಿ ಮೀಟರ್ ಕೂರಿಸಿ, ಇದು ನಿಮ್ಮ ಉಳಿತಾಯಕ್ಕೆ ಎಂದರೆ ಮನೆಯವರಿಗೆ ಸಂಶಯ ಬರುವುದು ಸಹಜ ಎಂಬುದಷ್ಟೇ ಇಲ್ಲಿಯ ಮಾತು.

ತಿರುಗುವ ತಟ್ಟೆ ಕಲಿಸಿದ್ದು

ಹಳೆಯ ಮೀಟರಿನ ಗಾಜಿನೊಳಗೆ ಅಂಚಿಗೆ ಬಣ್ಣದ ಗುರುತಿದ್ದ ತಟ್ಟೆಯೊಂದು ತಿರುಗುತ್ತಿತ್ತು. ಬಲ್ಬು ಉರಿದರೆ ನಿಧಾನ, ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಜೋರು. ಅಕ್ಷರ ಬಾರದ ಅಜ್ಜಿಗೂ ಅದರ ಭಾಷೆ ತಿಳಿಯುತ್ತಿತ್ತು. “ಮೀಟರ್ ಭಾಳ ಜೋರ್ ತಿರಗಾಕತ್ತೈತಿ, ಇಸ್ತ್ರಿ ಬಂದ್ ಮಾಡಬೇ” ಎಂಬ ಮಾತು ನಮ್ಮ ಕಡೆಯ ಮನೆಗಳಲ್ಲಿ ಹೊಸದಲ್ಲ. ಮುಸ್ಲಿಂ ಮನೆಗಳಲ್ಲಿ ಇದಕ್ಕೆ ‘ಇಸ್ರಾಫ್’ ಎಂಬ ಇನ್ನೊಂದು ಮಾತೂ ಸೇರುತ್ತಿತ್ತು. ಅಗತ್ಯ ಮೀರಿದ ಖರ್ಚು ಪಾಪದ ಸಮೀಪ ಎಂಬ ಭಾವನೆ ಅದರಲ್ಲಿದೆ. ಹರಿಯುವ ಹೊಳೆಯ ದಂಡೆಯಲ್ಲಿ ವುಜೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂದು ಕಲಿತ ಮನೆಗೆ ಬರಿದೆ ಉರಿಯುವ ದೀಪ ಆರಿಸಲು ಯಂತ್ರದ ಉಪದೇಶ ಬೇಕಿರಲಿಲ್ಲ.

ಆಮೇಲೆ ಎಲೆಕ್ಟ್ರಾನಿಕ್ ಮೀಟರ್ ಬಂತು. ತಟ್ಟೆ ಹೋಗಿ ಅದರ ಜಾಗದಲ್ಲಿ ಕೆಂಪು ಚುಕ್ಕೆ ಮಿನುಗತೊಡಗಿತು. ಅಳತೆ ಹೆಚ್ಚು ನಿಖರವಾಯಿತು. ಜಡಗೊಂಡ ತಟ್ಟೆ ನಿಧಾನವಾಗಿ ತಿರುಗಿ ಗಿರಾಕಿಗೆ ಆಗುತ್ತಿದ್ದ ಲಾಭ ನಿಂತಿತು. ಮೀಟರ್ ಬದಲಾದ ತಿಂಗಳು ಬಿಲ್ಲು ಏರಿತೆಂದು ಜನ ಗೊಣಗಿದ್ದರಲ್ಲಿ ಎಷ್ಟೋ ಸಲ ನಿಜವಿತ್ತು. ಹೊಸ ಮೀಟರ್ ಸುಳ್ಳು ಹೇಳುತ್ತಿತ್ತು ಎಂದಲ್ಲ, ಹಳೆಯದು ಮುದಿಯಾಗಿತ್ತು. ಜೊತೆಗೆ ಇನ್ನೊಂದು ಬದಲಾವಣೆಯೂ ಆಯಿತು. ಮೀಟರ್ ಪಡಸಾಲೆಯಿಂದ ಹೊರಗೋಡೆಗೆ ಹೋಯಿತು. ಓದುವವರಿಗೆ ಅನುಕೂಲವಾಯಿತು, ಅಡುಗೆಮನೆಯ ಕಣ್ಣಿಗೆ ಮಾತ್ರ ದೂರವಾಯಿತು.

ಹೊರದೇಶದ ಅನುಭವ

ಸ್ಮಾರ್ಟ್ ಮೀಟರ್ ಎಂದರೆ ಬಳಕೆಯನ್ನು ಕಾಲು ಅಥವಾ ಅರ್ಧ ತಾಸಿಗೊಮ್ಮೆ ಬರೆದಿಟ್ಟು, ತಾನಾಗಿಯೇ ಕಂಪನಿಗೆ ಕಳಿಸುವ ಮೀಟರ್. ದೂರದ ಕಚೇರಿಯಲ್ಲಿ ಕೂತು ಅದರ ಮೂಲಕ ಮನೆಯ ಕರೆಂಟನ್ನು ತೆಗೆಯಲೂಬಹುದು, ಕೊಡಲೂಬಹುದು.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಾಕಿದ ದೇಶ ಇಟಲಿ. ಅಲ್ಲಿಯ ಎನೆಲ್ ಕಂಪನಿ 2001ರಿಂದ ಕೆಲವೇ ವರ್ಷಗಳಲ್ಲಿ ಸುಮಾರು ಮೂರು ಕೋಟಿ ಮೀಟರ್‌ಗಳನ್ನು ಕೂರಿಸಿತು. ಅದರ ಕಾರಣ ಸರಳ. ಮನೆಮನೆಗೆ ಆಳು ಕಳಿಸುವ ಖರ್ಚು ಉಳಿಯಬೇಕು, ಕಳವು ಗೊತ್ತಾಗಬೇಕು, ಬಾಕಿ ವಸೂಲಾಗಬೇಕು. ಮನೆಯವರ ಉಳಿತಾಯ ಅದರ ಮೊದಲ ಗುರಿಯಾಗಿರಲಿಲ್ಲ.

ಬ್ರಿಟನ್ನು ಮನೆಯವರ ಉಳಿತಾಯವನ್ನೇ ಮುಂದಿಟ್ಟಿತು. 2007ರಿಂದ 2010ರವರೆಗೆ ನಾಲ್ಕು ಕಂಪನಿಗಳ 60 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷೆ ನಡೆಯಿತು. 2011ರಲ್ಲಿ ಬಂದ ಫಲಿತಾಂಶದ ಸಾರವಿಷ್ಟು: ಸ್ಮಾರ್ಟ್ ಮೀಟರಿನ ಜೊತೆ ಮನೆಯೊಳಗೆ ಬಳಕೆಯನ್ನು ಆಗಿಂದಾಗ ತೋರಿಸುವ ಪುಟ್ಟ ಪರದೆ ಇಟ್ಟಾಗ ವಿದ್ಯುತ್ ಬಳಕೆ ನೂರಕ್ಕೆ ಸುಮಾರು 3ರಷ್ಟು ಇಳಿಯಿತು. ಉಳಿಸಿದ್ದು ಗೋಡೆಯ ಮೇಲಿನ ಪೆಟ್ಟಿಗೆಗಿಂತ ಹೆಚ್ಚಾಗಿ ಕಣ್ಣೆದುರಿಗಿದ್ದ ಪರದೆ. ನಮ್ಮ ಅಜ್ಜಿ ತಿರುಗುವ ತಟ್ಟೆಯಲ್ಲಿ ಕಂಡದ್ದನ್ನೇ ಅವರು ಆ ಪರದೆಯಲ್ಲಿ ಕಂಡರು.

ಜರ್ಮನಿ ಇನ್ನೂ ಎಚ್ಚರದಿಂದ ನಡೆಯಿತು. ಅದರ ಸರ್ಕಾರಕ್ಕಾಗಿ 2013ರಲ್ಲಿ ನಡೆದ ಅಧ್ಯಯನ, ಕಡಿಮೆ ಬಳಸುವ ಸಣ್ಣ ಮನೆಗಳಿಗೆ ಈ ಮೀಟರಿನ ಖರ್ಚು ಅದರ ಲಾಭಕ್ಕಿಂತ ಹೆಚ್ಚು ಎಂದಿತು. ಹೀಗಾಗಿ 2016ರ ಅಲ್ಲಿಯ ಕಾನೂನು, ವರ್ಷಕ್ಕೆ 6,000 ಯೂನಿಟ್‌ಗಿಂತ ಹೆಚ್ಚು ಬಳಸುವವರಿಗೆ ಮಾತ್ರ ಕಡ್ಡಾಯದ ಮಾತಾಡಿತು. ತಿಂಗಳಿಗೆ 500 ಯೂನಿಟ್ ಎಂದಾಯಿತು. ತಿಂಗಳಿಗೆ 100 ಯೂನಿಟ್ ಬಳಸುವ ಮುಧೋಳದ ಮನೆ ಅದರ ಐದನೇ ಒಂದು ಪಾಲು!

ಮುಧೋಳದ ಮನೆಯ ಹಿಸಾಬು

ಈಗ ನಮ್ಮ ಲೆಕ್ಕಕ್ಕೆ ಬರೋಣ. ಬೆಂಗಳೂರಿನ ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಗಿರಾಕಿ ಸುಮಾರು 5 ಸಾವಿರ ತೆರಬೇಕಾಯಿತು. ಗದ್ದಲವಾಯಿತು, ವಿಷಯ ವಿಧಾನಸೌಧಕ್ಕೂ ಹೈಕೋರ್ಟಿಗೂ ಹೋಯಿತು. ಇದು ಬೆಂಗಳೂರಿನ ತಕರಾರು ಎಂದು ನಾವು ಕೈಕಟ್ಟಿ ಕೂರುವಂತಿಲ್ಲ. ಸ್ಮಾರ್ಟ್ ಮೀಟರ್ ಕುರಿತು ವಿದ್ಯುತ್ ನಿಯಂತ್ರಣ ಆಯೋಗ 2024ರಲ್ಲಿ ಮಾಡಿದ ನಿಯಮಗಳು ಹೆಸ್ಕಾಂ ಸೇರಿ ರಾಜ್ಯದ ಎಲ್ಲ ಕಂಪನಿಗಳಿಗೂ ಸಂಬಂಧಿಸಿದವು.

2025-26ರಲ್ಲಿ ಮನೆಬಳಕೆಯ ದರ ಯೂನಿಟ್‌ಗೆ 5 ರೂ. 80 ಪೈಸೆ ಇತ್ತು. ಅದರ ಮೇಲೆ 9ರಷ್ಟು ತೆರಿಗೆ, ನೌಕರರ ಪಿಂಚಣಿಯ ಬಾಬತ್ತಿಗೆ 36 ಪೈಸೆ. ಎಲ್ಲ ಸೇರಿ ಒಂದು ಯೂನಿಟ್‌ಗೆ ಸುಮಾರು 6 ರೂ. 70 ಪೈಸೆ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಯೊಂದು ಬ್ರಿಟನ್ನಿನ ಮನೆಗಳಂತೆ ನೂರಕ್ಕೆ 3ರಷ್ಟು ಉಳಿಸಿತು ಎನ್ನಿ. ಮೂರು ಯೂನಿಟ್ಟಿಗೆ 20 ರೂಪಾಯಿ. ಮೀಟರಿಗೆ ಹೆಚ್ಚಾಗಿ ಕೊಟ್ಟ 4 ಸಾವಿರ ರೂಪಾಯಿ ಹೀಗೆ ಮರಳಿ ಕೈಸೇರಲು 200 ತಿಂಗಳು ಬೇಕು. ಅಂದರೆ ಹದಿನಾರು ವರ್ಷ ಎಂಟು ತಿಂಗಳು. ಮೀಟರ್ ಹಾಕಿಸಿದ ದಿನ ಹುಟ್ಟಿದ ಕೂಸು ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿರುತ್ತದೆ.

ಇದರ ಪಕ್ಕದಲ್ಲಿ ಒಂದು ಬಲ್ಬಿನ ಲೆಕ್ಕ ಇಟ್ಟು ನೋಡಿ. 60 ವಾಟ್‌ನ ಹಳೆಯ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 9 ಯೂನಿಟ್. 2015ರಿಂದ ಸರ್ಕಾರದ ಯೋಜನೆಯಲ್ಲಿ ಕಡಿಮೆ ಬೆಲೆಗೆ ಹಂಚಿದ 9 ವಾಟ್‌ನ ಎಲ್‌ಇಡಿ ಬಲ್ಬು ಅಷ್ಟೇ ಹೊತ್ತು ಉರಿದರೆ ಒಂದೂವರೆ ಯೂನಿಟ್ಟಿಗಿಂತ ಕಡಿಮೆ. ಒಂದೇ ಬಲ್ಬಿನಿಂದ ಏಳೂವರೆ ಯೂನಿಟ್ ಉಳಿಯಿತು. ನಮ್ಮ ಬೇಸಿಗೆಯಲ್ಲಿ ಫ್ಯಾನು ಹನ್ನೆರಡು ತಾಸಾದರೂ ತಿರುಗುತ್ತದೆ. 75 ವಾಟ್‌ನ ಹಳೆಯ ಫ್ಯಾನಿಗೆ ತಿಂಗಳಿಗೆ 27 ಯೂನಿಟ್ ಬೇಕು, 30 ವಾಟ್‌ನ ಹೊಸ ಬಗೆಯ ಫ್ಯಾನಿಗೆ 11 ಯೂನಿಟ್ ಸಾಕು. ಉಳಿತಾಯ 16 ಯೂನಿಟ್. ಮೀಟರಿಗೆ ಕೊಡುವ ಹೆಚ್ಚಿನ 4 ಸಾವಿರದಲ್ಲಿ ಇಂಥ ಫ್ಯಾನು ಒಂದು ಬಂದು, ಬಲ್ಬುಗಳಿಗೂ ದುಡ್ಡು ಮಿಗುತ್ತದೆ. ಬಡ ಮನೆಯ ಬಿಲ್ಲು ಇಳಿಸುವುದೇ ಉದ್ದೇಶವಾದರೆ ಹಣ ಎಲ್ಲಿ ಹಾಕಬೇಕು?

ಗೃಹಜ್ಯೋತಿಯನ್ನು ಮರೆತರೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ 2022-23ರ ಸರಾಸರಿ ಬಳಕೆಗೆ 10ರಷ್ಟು ಸೇರಿಸಿ, 200 ಯೂನಿಟ್‌ನ ಮಿತಿಯೊಳಗೆ ಉಚಿತ ಎಂದು ನಿಗದಿ ಮಾಡಿದರು. ಸರಾಸರಿ 80 ಇದ್ದ ಮನೆಗೆ 88 ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದ್ದಕ್ಕೆ ಹಣ, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು. ಸೊನ್ನೆ ಬಿಲ್ಲು ಬರುವ ಮನೆಗೆ ಸ್ಮಾರ್ಟ್ ಮೀಟರ್ ಉಳಿಸುವುದು ಸೊನ್ನೆಯಿಂದ ಸೊನ್ನೆ. ಆದರೆ ಮಿತಿಯ ಅಂಚಿನಲ್ಲಿರುವ ಮನೆಯ ಮಾತು ಬೇರೆ. ಇಪ್ಪತ್ತನೇ ತಾರೀಖಿಗೇ 190 ಯೂನಿಟ್ ಆಗಿದೆ ಎಂದು ಯಾರಾದರೂ ಹೇಳಿದರೆ ಉಳಿದ ಹತ್ತು ದಿನ ಆ ಮನೆ ಎಚ್ಚರದಿಂದ ಇರಬಹುದು. ಸ್ಮಾರ್ಟ್ ಮೀಟರ್ ಇಂಥ ಎಚ್ಚರಿಕೆ ಕೊಡಬಲ್ಲದು. ಕೊಡುವಂತೆ ಮಾಡಬೇಕು ಎಂಬುದು ನಮ್ಮ ಬೇಡಿಕೆಯಾಗಬೇಕು.

ರಬಕವಿ-ಬನಹಟ್ಟಿಯ ನೇಕಾರರದು ಇನ್ನೊಂದು ಕಥೆ. ಅಲ್ಲಿ ಮನೆ, ಮಗ್ಗ ಎರಡೂ ಒಂದೇ ಸೂರಿನಡಿ. ಬಹುಕಾಲ ಯೂನಿಟ್‌ಗೆ 1 ರೂ. 25 ಪೈಸೆಯ ರಿಯಾಯಿತಿ ದರದಲ್ಲಿ ಓಡಿದ ಪವರ್‌ಲೂಮುಗಳಲ್ಲಿ 10 ಅಶ್ವಶಕ್ತಿಯವರೆಗಿನವುಗಳಿಗೆ ಸರ್ಕಾರ 2023ರಲ್ಲಿ ಉಚಿತ ವಿದ್ಯುತ್ ಘೋಷಿಸಿತು. ವಿದ್ಯುತ್ತಿಗೆ ಹೊತ್ತಿನ ಮೇಲೆ ದರ ಕಟ್ಟುವ ಪದ್ಧತಿ ಸ್ಮಾರ್ಟ್ ಮೀಟರಿನ ಜೊತೆಗೇ ಬರುತ್ತದೆ ಎಂದು ಕೇಂದ್ರ ಸರ್ಕಾರದ 2023ರ ನಿಯಮ ಹೇಳುತ್ತದೆ. ಬಿಸಿಲಿರುವ ಹೊತ್ತಿನಲ್ಲಿ ಅಗ್ಗ, ಸಂಜೆಯ ಹೊತ್ತಿನಲ್ಲಿ ತುಟ್ಟಿ. ಹಗಲು ಓಡುವ ಮಗ್ಗಕ್ಕೆ ಇದರಿಂದ ಲಾಭವಾಗಬಹುದು. ಆದರೆ ಮನೆಯ ಮಾತೇನು? ಸಂಜೆ ಮಕ್ಕಳು ಓದುವ ಹೊತ್ತನ್ನು ಮಧ್ಯಾಹ್ನಕ್ಕೆ ಸರಿಸಲಾಗುತ್ತದೆಯೇ? ಇಫ್ತಾರಿನ ಹೊತ್ತು ಸೂರ್ಯ ಹೇಳಿದಂತೆ, ಆಯೋಗ ಹೇಳಿದಂತಲ್ಲ. ಬಟ್ಟೆ ತೊಳೆಯುವ ಯಂತ್ರ, ಗೀಸರು, ಎಸಿ ಇರುವ ಶ್ರೀಮಂತರು ಅವುಗಳ ಹೊತ್ತು ಬದಲಿಸಿ ಉಳಿಸಬಲ್ಲರು. ಎರಡು ಬಲ್ಬು, ಒಂದು ಫ್ಯಾನು ಇರುವವರಿಗೆ ಬದಲಿಸಲು ಏನಿದೆ?

ಕಂಪನಿಯ ಲಾಭವೂ ಸುಳ್ಳಲ್ಲ

ಹಾಗೆಂದು ಈ ಮೀಟರ್ ಬರೀ ಮೋಸ ಎನ್ನುವುದೂ ಅನ್ಯಾಯ. ದುಡಿಯಲು ಗೋವೆಗೋ ಬೆಂಗಳೂರಿಗೋ ಗುಳೆ ಹೋದ ಮನೆಗೆ ಬೀಗ ಬಿದ್ದಿದ್ದರೆ ಮೀಟರ್ ಓದುವವನು ಅಂದಾಜಿನ ಬಿಲ್ಲು ಬರೆಯುತ್ತಾನೆ. ಸ್ಮಾರ್ಟ್ ಮೀಟರ್ ಇದ್ದರೆ ಅದು ತಪ್ಪುತ್ತದೆ. ಕರೆಂಟು ಹೋದದ್ದು ಕಚೇರಿಗೆ ಕೂಡಲೇ ಗೊತ್ತಾಗುತ್ತದೆ. ಯಾವ ಟ್ರಾನ್ಸ್‌ಫಾರ್ಮರಿನಲ್ಲಿ ಎಷ್ಟು ಸೋರುತ್ತಿದೆ ಎಂಬುದು ತಿಳಿಯುತ್ತದೆ. ಚಾವಣಿಯ ಮೇಲೆ ಸೌರಫಲಕ ಹಾಕಿ ಕರೆಂಟು ಮಾರುವ ಮನೆಗೆ ಲೆಕ್ಕ ಸಲೀಸು. ಮೈಸೂರಿನ ವಿ.ವಿ. ಮೊಹಲ್ಲಾದಲ್ಲಿ ಕಳೆದ ದಶಕದಲ್ಲೇ ಸುಮಾರು 21 ಸಾವಿರ ಗಿರಾಕಿಗಳನ್ನೊಳಗೊಂಡು ಇದರ ಪ್ರಯೋಗ ನಡೆದಿತ್ತು.

ಈ ಲಾಭಗಳಲ್ಲಿ ಹೆಚ್ಚಿನವು ಮೊದಲು ಸೇರುವುದು ಕಂಪನಿಯ ಖಾತೆಗೆ. ಸೋರಿಕೆ ನಿಂತರೆ, ಓದುವ ಖರ್ಚು ಉಳಿದರೆ, ಆ ಹಣ ಮುಂದೆ ದರ ಇಳಿಸಲು ಬಂದಾಗ ಮಾತ್ರ ಮನೆಗೂ ಪಾಲು ಸಿಕ್ಕಂತೆ. ಲಾಭ ಕಂಪನಿಯದಾದರೆ ಮೀಟರಿನ ಬೆಲೆಯೂ ಕಂಪನಿಯದಾಗಬೇಕಲ್ಲವೇ? ಯಾವ ಅಂಗಡಿಕಾರನೂ ತನ್ನ ತಕ್ಕಡಿಯ ಬೆಲೆಯನ್ನು ಗಿರಾಕಿಯ ಚೀಟಿಯಲ್ಲಿ ಸೇರಿಸುವುದಿಲ್ಲ.

ನೋಟಿಸಿಲ್ಲದ ಕತ್ತಲು, ಬಾಗಿಲಿಲ್ಲದ ಕಿಟಕಿ

ಹಣಕ್ಕಿಂತ ದೊಡ್ಡ ಪ್ರಶ್ನೆಗಳು ಇನ್ನೆರಡಿವೆ. 2003ರ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಕಿದಾರನ ಕರೆಂಟು ತೆಗೆಯುವ ಮೊದಲು ಹದಿನೈದು ದಿನಗಳ ಲಿಖಿತ ನೋಟಿಸು ಕೊಡಬೇಕು. ಆ ಹದಿನೈದು ದಿನಗಳಲ್ಲಿ ಬಡವ ಕೈಗಡ ತಂದಾನು, ಪಗಾರ ಬಂದೀತು, ಲೈನ್‌ಮನ್ನನಿಗೆ ಕೈಮುಗಿದು ಎರಡು ದಿನ ಕೇಳ್ಯಾನು. ಪ್ರೀಪೇಯ್ಡ್ ಮಾಡಿದ ಸ್ಮಾರ್ಟ್ ಮೀಟರಿನಲ್ಲಿ ಹಣ ಮುಗಿದರೆ ಕೈಮುಗಿಯಲು ಯಾರೂ ಬರುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್‌ಗಳ ಗುರಿ ಇಟ್ಟುಕೊಂಡಿತು. ಅದಕ್ಕೂ ಮೊದಲೇ, 2020ರ ಕೃಷ್ಣಜನ್ಮಾಷ್ಟಮಿಯ ಸಂಜೆ, ಉತ್ತರ ಪ್ರದೇಶದಲ್ಲಿ ಒಂದು ತಪ್ಪು ಆದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಸ್ಮಾರ್ಟ್ ಮೀಟರ್ ಮನೆಗಳು ಕತ್ತಲಾದವು. ಬಿಲ್ಲು ಕಟ್ಟಿದವರ ಹಬ್ಬವೂ ಕತ್ತಲಲ್ಲೇ ನಡೆಯಿತು. ಬ್ರಿಟನ್ನಿನಲ್ಲಿ ಕಂಪನಿಗಳು ಬಾಕಿದಾರರ ಮನೆಗಳಿಗೆ ಒತ್ತಾಯದಿಂದ ಪ್ರೀಪೇಯ್ಡ್ ಮೀಟರ್ ಹಾಕುತ್ತಿದ್ದುದು ಬಯಲಾಗಿ, 2023ರ ಫೆಬ್ರವರಿಯಲ್ಲಿ ಅಲ್ಲಿಯ ನಿಯಂತ್ರಕರು ಅದನ್ನು ತಡೆಯಬೇಕಾಯಿತು. ಸ್ಮಾರ್ಟ್ ಮೀಟರ್ ಇದ್ದ ಮನೆಯ ಬಾಗಿಲು ಬಡಿಯುವ ಅಗತ್ಯವೂ ಇರಲಿಲ್ಲ, ದೂರದಿಂದಲೇ ಅದನ್ನು ಪ್ರೀಪೇಯ್ಡಿಗೆ ಬದಲಿಸಬಹುದಿತ್ತು.

ಎರಡನೆಯದು ಮನೆಯ ಮರ್ಯಾದೆಯ ಪ್ರಶ್ನೆ. ಅರ್ಧ ತಾಸಿಗೊಮ್ಮೆ ಬರೆದಿಟ್ಟ ಬಳಕೆಯೆಂದರೆ ಮನೆಯ ದಿನಚರಿ. ಯಾವಾಗ ಎದ್ದರು, ಯಾವಾಗ ಮಲಗಿದರು, ಎಷ್ಟು ದಿನ ಊರಲ್ಲಿರಲಿಲ್ಲ ಎಂಬುದನ್ನು ಅದರಿಂದ ಓದಬಹುದು. ರಮಜಾನ್ ತಿಂಗಳಲ್ಲಿ ಬೆಳಗಿನ ಜಾವ ಸಹರಿಗೆ ದೀಪ ಹೊತ್ತುವ ಮನೆ ಯಾವುದೆಂದು ಆ ಅಂಕಿಗಳು ಯಾರಿಗೂ ಕೇಳದೆಯೇ ಹೇಳುತ್ತವೆ. ಇದು ಯಾರ ಮೇಲೋ ಸಂಶಯಪಟ್ಟು ಆಡುವ ಮಾತಲ್ಲ. 2009ರಲ್ಲಿ ನೆದರ್ಲೆಂಡ್ಸ್‌ನ ಸಂಸತ್ತಿನ ಮೇಲ್ಮನೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವುದನ್ನು ತಿರಸ್ಕರಿಸಿತು. ಖಾಸಗಿತನದ ಆತಂಕವೇ ಅದಕ್ಕೆ ಮುಖ್ಯ ಕಾರಣ. ನಮ್ಮಲ್ಲಿಯೂ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯಾಗಿದೆ. ಮನೆಯ ಅಂಕಿ ಅಮಾನತ್ ಇದ್ದ ಹಾಗೆ. ಇಟ್ಟುಕೊಂಡವನು ಕಾಯಬೇಕೇ ಹೊರತು ಕೈದಾಟಿಸಬಾರದು.

ಈ ಮಾಹಿತಿ ಮನೆಯೊಳಗೆ ಯಾರಿಗೆ ತಲುಪುತ್ತದೆ ಎಂಬುದನ್ನೂ ಕೇಳಬೇಕು. ಬಳಕೆಯ ಸಂದೇಶ ಬರುವುದು ನೋಂದಾಯಿಸಿದ ಮೊಬೈಲಿಗೆ. ಅದು ಬಹುತೇಕ ಮನೆಗಳಲ್ಲಿ ಗಂಡಸಿನ ಜೇಬಿನಲ್ಲಿರುತ್ತದೆ. ಬಾಡಿಗೆಯ ಮನೆಯಾದರೆ ಮಾಲೀಕನ ಜೇಬಿನಲ್ಲಿ. ಮಿಕ್ಸರ್, ಇಸ್ತ್ರಿ, ನೀರಿನ ಮೋಟಾರು ಹಚ್ಚುವ, ಆರಿಸುವ ಕೈ ಹೆಂಗಸಿನದು. ಆ ಕೈಗೆ ಅಂಕಿ ಕಾಣದಿದ್ದರೆ ಉಳಿತಾಯ ಎಲ್ಲಿಂದ ಬರಬೇಕು? ಬ್ರಿಟನ್ನಿನವರು ನೂರಕ್ಕೆ ಮೂರು ಉಳಿಸಿದ್ದು ಆ ಪರದೆ ಮನೆಯೊಳಗೆ ಎಲ್ಲರಿಗೂ ಕಾಣುವಂತಿದ್ದುದರಿಂದ.

ಹಾಗಾದರೆ ಸ್ಮಾರ್ಟ್ ಮೀಟರ್ ಮನೆಯ ಹಣ ಉಳಿಸುತ್ತದೆಯೇ? ತಾನಾಗಿ ಉಳಿಸುವುದಿಲ್ಲ. ಹೆಚ್ಚು ಬಳಸುವ, ಹೊತ್ತು ಬದಲಿಸಬಲ್ಲ ಮನೆಗೆ ಸ್ವಲ್ಪ ಉಳಿಸೀತು. ನೂರು ಯೂನಿಟ್ಟಿನ ಮನೆ ಅದರ ಬೆಲೆಯನ್ನೂ ತಾನೇ ತೆತ್ತರೆ ಒಂದೂವರೆ ದಶಕ ನಷ್ಟದಲ್ಲೇ ಇರುತ್ತದೆ. ಆದ್ದರಿಂದ ಮುಧೋಳದ ಗೋಡೆಗೆ ಈ ಮೀಟರ್ ಬರುವ ಮುನ್ನ ನಾವು ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ಅದರ ಬೆಲೆ ಮನೆಯ ತಲೆಗೆ ಬೀಳಬಾರದು. ಬಳಕೆ ತೋರಿಸುವ ಪರದೆ ಮನೆಯೊಳಗೆ, ಕನ್ನಡದ ಅಂಕಿಗಳಲ್ಲಿ ಇರಬೇಕು. ಗೃಹಜ್ಯೋತಿಯ ಮಿತಿ ಹತ್ತಿರವಾದಾಗ ಮುನ್ಸೂಚನೆ ಬರಬೇಕು. ಪ್ರೀಪೇಯ್ಡ್ ಬೇಕೋ ಬೇಡವೋ ಎಂಬುದು ಗಿರಾಕಿಯ ಇಚ್ಛೆಗೆ ಬಿಟ್ಟದ್ದಾಗಬೇಕು. ನೋಟಿಸಿಲ್ಲದೆ ಯಾರ ಮನೆಯೂ ಕತ್ತಲಾಗಬಾರದು. ಅಳತೆ ಸರಿಯಿಲ್ಲ ಎನಿಸಿದರೆ ಪಕ್ಕದಲ್ಲೇ ಇನ್ನೊಂದು ಮೀಟರ್ ಇಟ್ಟು ತಾಳೆ ನೋಡುವ ಹಕ್ಕು ಹಳ್ಳಿಯ ಗಿರಾಕಿಗೂ ಸಿಗಬೇಕು.

ಪ್ರತಿ ವರ್ಷ ದರ ನಿಗದಿಗೆ ಮೊದಲು ನಿಯಂತ್ರಣ ಆಯೋಗ ಸಾರ್ವಜನಿಕರಿಂದ ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ಅಲ್ಲಿ ಉದ್ಯಮಿಗಳ ಸಂಘಗಳು ಮಾತಾಡುತ್ತವೆ, ರೈತರೂ ಒಮ್ಮೊಮ್ಮೆ ಮಾತಾಡುತ್ತಾರೆ. ಅಡುಗೆಮನೆಯ ಪರವಾಗಿ ಮಾತಾಡಲು ಮುಧೋಳದಿಂದ, ಬನಹಟ್ಟಿಯಿಂದ ನಾಲ್ಕು ಮಂದಿ ಹೆಣ್ಣುಮಕ್ಕಳು ತಮ್ಮ ಲೈಟ್ ಬಿಲ್ಲುಗಳನ್ನು ಕೈಯಲ್ಲಿ ಹಿಡಿದು ಹೋದರೆ ಆ ವಿಚಾರಣೆಯ ದಾಖಲೆಯಲ್ಲಿ ಮನೆಯ ಲೆಕ್ಕವೂ ಸೇರುತ್ತದೆ.